ಒಬ್ಬೊಬ್ಬರೇ ದಾಟಬೇಕಾಗಿದ್ದ ಇಳಿಜಾರು

ಹೆಸರು ಖೊದಾದಾದ್, ತಂದೆ ದಿವಂಗತ ಸಫರ್‌ಅಲಿ, ವಯಸ್ಸು 58 ವರ್ಷ, ಉದ್ಯೋಗ ಬೆಟ್ಟದ ತಂಗುದಾಣದ ಮೇಲ್ವಿಚಾರಣೆ, ವಾಸ ಸಂಗ್‌ದರ್ರೆ ಗ್ರಾಮ, ಅಲ್ಬೊರ್ಜ್ ಪರ್ವತ ಸೀಮೆ, ಟೆಹರಾನ್ ಪ್ರಾಂತ್ಯ. ಈ ಮೂಲಕ ತಿಳಿಸುವುದೇನೆಂದರೆ,

ನಿನ್ನೆ ಗುರುವಾರ ಸಂಜೆ 4 ಗಂಟೆಗೆ ನಿವೃತ್ತ ಶಿಕ್ಷಕರಾದ ಹುಷಂಗ್ (67) ಹಾಗೂ ಅವರ ಭಾವೀ ಅಳಿಯ ಕಾವೆ (31) ತಂಗುದಾಣಕ್ಕೆ ಬಂದರು. ಇಂದು ಮಧ್ಯಾಹ್ನ 1 ಗಂಟೆಗೆ ಕೆಳಗೆ ನಮ್ಮ ಹಳ್ಳಿಯಲ್ಲೇ ನಿಶ್ಚಿತಾರ್ಥದ ಊಟವಿತ್ತು. ಅಳಿಯನಾಗುವವನ ಕಾಲು ಎಷ್ಟು ಗಟ್ಟಿ ಎಂದು ನೋಡಲು ಕರೆತಂದಿದ್ದಾಗಿ ಮೇಷ್ಟ್ರು ನಗುತ್ತಾ ಹೇಳಿದರು.

ಇಂದು ಬೆಳಿಗ್ಗೆ 9.30ಕ್ಕೆ ನಾನು ಹಿಮ ಅಗೆದು ನೋಡಿದೆ. ಮೇಲೆ 40 ಸೆಂಟಿಮೀಟರ್ ಗಾಳಿಗೆ ಗಟ್ಟಿಯಾದ ಪದರ, ಅದರಡಿ ಸಕ್ಕರೆಯಂಥ ಸಡಿಲ ಹರಳು. ಸಲಿಕೆಯಿಂದ ತಟ್ಟಿದ ಕೂಡಲೇ ಮೇಲಿನ ಪದರ ಹಲಗೆಯಂತೆ ಜಾರಿತು, ಅಂದರೆ ಇಳಿಜಾರಿನಲ್ಲಿ ಭಾರ ಬಿದ್ದರೆ ಹಿಮ ಕುಸಿಯುತ್ತದೆ. ಬೆಟ್ಟದ ನೆತ್ತಿಯ ಏಣಿನ ಮೇಲಿನ ದಾರಿಯಲ್ಲೇ ಹೋಗೋಣ, ನಾಲ್ಕು ಗಂಟೆ ಹಿಡಿಯುತ್ತದೆ ಎಂದೆ. "ಅಯ್ಯೋ ಮಾರಾಯ, ಊಟಕ್ಕೆ ತಡವಾದ್ರೆ ನನ್ನ ಮಗಳು ನಮ್ಮಿಬ್ಬರನ್ನೂ ಬೇಯಿಸಿ ಬಡಿಸ್ತಾಳೆ" ಎಂದರು ಮೇಷ್ಟ್ರು. ಹತ್ತಿರದ ದಾರಿ 120 ಮೀಟರ್ ಅಗಲದ ಇಳಿಜಾರನ್ನು ಅಡ್ಡ ದಾಟುತ್ತದೆ. ನಾನು ಒಪ್ಪಿದೆ. ಅದು ನನ್ನ ತಪ್ಪು. ಇದನ್ನೂ ಬರೆದುಕೊಳ್ಳಿ ಎಂದು ಠಾಣೆಯವರಿಗೆ ಹೇಳಿದ್ದೇನೆ.

10.40ಕ್ಕೆ ಇಳಿಜಾರಿನ ಅಂಚು ತಲುಪಿದೆವು. ಒಬ್ಬರು ಆಚೆ ಅಂಚಿನ ಬಂಡೆ ಮುಟ್ಟಿದ ಮೇಲೆಯೇ ಇನ್ನೊಬ್ಬರು ಕಾಲಿಡಬೇಕು, ನಡುವೆ ಯಾರೂ ನಿಲ್ಲಕೂಡದು ಎಂದು ಎರಡು ಸಲ ಹೇಳಿದೆ. ನಾನು ಮೊದಲು ದಾಟಿ 10.46ಕ್ಕೆ ಬಂಡೆ ಸೇರಿ ಕೈ ಬೀಸಿದೆ. ಗಾಳಿ ಅವರ ಕಡೆಯಿಂದ ಬೀಸುತ್ತಿತ್ತು. ಅವರ ಮಾತು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ ಕೇಳುತ್ತಿರಲಿಲ್ಲ.

"ಮಾವ, ನೀವು ಮೊದಲು." "ಛೆ ಛೆ, ನೀನು ನಡಿ ಮಗಾ." "ನಿಮಗಿಂತ ಮುಂದೆ ನಾನಾ? ಆಗೋದೇ ಇಲ್ಲ." ಹೀಗೇ ಹನ್ನೆರಡು ನಿಮಿಷ. ಅಷ್ಟರಲ್ಲಿ ಇಳಿಜಾರಿಗೆ ಪೂರ್ತಿ ಬಿಸಿಲು ಬಿತ್ತು, ಹಿಮ ಇನ್ನೂ ಸಡಿಲವಾಗುವ ಹೊತ್ತು. "ನಿಮ್ಮ ಮರ್ಯಾದೆಗೆ ಬೆಂಕಿ ಹಾಕ, ಯಾರಾದ್ರೂ ಒಬ್ರು ಬನ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ.

10.58ಕ್ಕೆ ಕಾವೆ ಹೊರಟ. ಸರಿಯಾಗಿ ನಡುವೆ, 60 ಮೀಟರ್ ಬಳಿ, ನಿಂತುಬಿಟ್ಟ. ಹಿಂದೆ ತಿರುಗಿ ಎದೆಯ ಮೇಲೆ ಕೈಯಿಟ್ಟು, "ನಿಮಗೆ ಬೆನ್ನು ಹಾಕ್ಬಿಟ್ಟೆ ಮಾವ, ಕ್ಷಮಿಸಿ" ಎಂದ. ನಮ್ಮಲ್ಲಿ ಹಿರಿಯರಿಗೆ ಬೆನ್ನು ಮಾಡಿದರೆ ಎಲ್ಲರೂ ಹಾಗೇ ಹೇಳುತ್ತಾರೆ. "ಹೂವಿಗೆ ಹಿಂದು ಮುಂದು ಎಲ್ಲಿದೆ ಮಗಾ" ಎಂದು ಮೇಷ್ಟ್ರು ಎಲ್ಲರೂ ಕೊಡುವ ಉತ್ತರವನ್ನೇ ಕೊಟ್ಟರು. ಅವನನ್ನು ಕಾಯಿಸಬಾರದೆಂದು ತಾವೂ ಇಳಿಜಾರಿಗೆ ಕಾಲಿಟ್ಟರು. ನಾನು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದೆ. ಕರೆಯುತ್ತಿದ್ದೇನೆಂದು ತಿಳಿದು ಇನ್ನೂ ಎರಡು ಹೆಜ್ಜೆ ಬಂದರು. ಅವರ ಕಾಲ ಬಳಿಯಿಂದ ಮೇಲಕ್ಕೆ ಬಿರುಕು ಓಡಿತು. ಮೇಷ್ಟ್ರು ಅಂಚಿಗೆ ಬಿದ್ದು ಉಳಿದರು. ಕಾವೆ ಹಿಮದೊಂದಿಗೆ ಕೆಳಗೆ ಹೋದ.

ನಾವಿಬ್ಬರೂ ಕೆಳಗಿಳಿದು ಹಿಮದ ರಾಶಿ ಅಗೆಯತೊಡಗಿದೆವು. ನಮ್ಮಲ್ಲಿದ್ದುದು ಒಂದೇ ಸಲಿಕೆ. ಮೇಷ್ಟ್ರು ಬರಿಗೈಯಲ್ಲಿ ಅಗೆದರು. 12.20ಕ್ಕೆ ಅವರ ಫೋನ್ ಹೊಡೆದುಕೊಂಡಿತು. ಮಗಳು. ಎಲ್ಲಿದ್ದೀರಿ, ಅನ್ನ ಇಳಿಸಲೇ ಎಂದು ಕೇಳಿದಳು. ಬಂದೇಬಿಟ್ಟೆವು ಮಗಳೇ ಎಂದರು.

12.52ಕ್ಕೆ ಒಂದೂವರೆ ಮೀಟರ್ ಆಳದಲ್ಲಿ ಕಾವೆ ಸಿಕ್ಕಿದ. ಉಸಿರಿರಲಿಲ್ಲ. ಬೋರಲಾಗಿದ್ದ, ಬೆನ್ನು ನಮ್ಮ ಕಡೆಗಿತ್ತು. ತಿರುಗಿಸಲು ಹೋದಾಗ ಮೇಷ್ಟ್ರು ನನ್ನ ಕೈ ಹಿಡಿದರು. ಅವನ ಬೆನ್ನಿನ ಹಿಮ ಒರೆಸುತ್ತಾ, ಹೂವಿಗೆ ಹಿಂದು ಮುಂದು ಎಲ್ಲಿದೆ ಮಗಾ ಎಂದು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು.

ಮೇಲೆ ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡಂತೆ, ಹೇಳಿದಂತೆ ಇದೆ, ಸತ್ಯವಾಗಿದೆ.

ಸ್ಥಳ: ಸಂಗ್‌ದರ್ರೆ ಪೊಲೀಸ್ ಹೊರಠಾಣೆ
ದಿನಾಂಕ: 13 ಬಹ್ಮನ್ 1402 (ಇರಾನಿ ಪಂಚಾಂಗ), ಶುಕ್ರವಾರ, ಸಂಜೆ 5.30
ಸಹಿ: ಖೊದಾದಾದ್