ಚಂದದ ಅಕ್ಷರದವನ ಕಥೆ

ನನ್ನ ತಮ್ಮ ರೂಬೆನ ತೀರಿಕೊಂಡನೆಂದು ಬೆಳಿಗ್ಗೆ ನಾನಿರುವ ಔರಾದಕ್ಕೆ ಫೋನು ಬಂತು. ಬೀದರದಲ್ಲಿ ಬಸ್ಸು ಬದಲಿಸಿ ಹಲಬರ್ಗಾಕ್ಕೆ ಹೊರಟೆ. ಮುಂದಿನ ಸೀಟಿನಲ್ಲಿ ಅವನ ಜೊತೆ ಮಾಸ್ತರಿಕೆ ಮಾಡಿದ್ದ ಹಾವಗೆಪ್ಪನವರೂ ಅವರ ಹೆಂಡತಿಯೂ ಕುಳಿತಿದ್ದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ.

“ಇವತ್ತ ಹೇಳೇ ಬಿಡ್ತೇನಿ,” ಹಾವಗೆಪ್ಪನವರು ಹೆಂಡತಿಗೆ ಅಂದರು. “ಆ ಕುರುಡ ಎಮ್ಮಿ ಕಥಿ ನಾ ಬರದದ್ದು.”

“ಮಣ್ಣಿಗೆ ಹೋಗಿ ಜಗಳ ತೆಗೀತೀರೇನ್ರಿ? ಅಚ್ಚಾಗಿದ್ದು ರೂಬೆನ ಮಾಸ್ತರ ಹೆಸರಿಲೆ.”

“ಸಾಲಿಯ ಕೈಬರಹದ ಪತ್ರಿಕಾಕ್ಕ ಎಲ್ಲಾರ ಬರಹ ಅವನೇ ನಕಲು ಮಾಡ್ತಿದ್ದ, ಅಕ್ಷರ ಚಂದ ಅಂತ. ಅದರಾಗಿನ ಕಥಿ ತಗೊಂಡ ಬೀದರದ ಅಚ್ಚಿನವರು ಅಕ್ಷರ ಯಾರದು ಅಂತ ಕೇಳಿ ಅವನ ಹೆಸರ ಹಾಕಿದ್ರು.”

“ಆಗ ಯಾಕ ಬಾಯಿ ಬಿಡಲಿಲ್ರಿ?”

“ತಪ್ಪಾಗ್ಯದ ಅಂತ ಅವನೇ ಅಚ್ಚಿನವರಿಗೆ ಪತ್ರ ಬರದು ತಂದಿದ್ದ. ನಾನೇ ಹರದು ಒಗದೆ.”

“ಅಯ್ಯ, ಯಾಕ್ರಿ?”

“ನಕಲು ಮಾಡುವಾಗ ಕಡಿಗೆ ನಾಕು ಸಾಲ ತಾನೇ ಸೇರಿಸಿದ್ದ. ಓದಿದವರೆಲ್ಲ ಅವೇ ನಾಕು ಸಾಲಿಗೆ ಕಣ್ಣೀರ ಹಾಕ್ತಿದ್ರು. ನಂದು ಅಂತ ಹ್ಯಾಂಗ ಹೇಳ್ಲಿ?”

“ನಲವತ್ತು ವರ್ಷ ಹೊಟ್ಟಿ ಉರಕೊಂಡದ್ದು ನಾಕು ಸಾಲಿಗೇನ್ರಿ!”

ಹಾವಗೆಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಡತಿಯೇ ಮತ್ತೆ ಕೇಳಿದರು.

“ಈಗ ಅವರ ಹೆಂಡ್ತಿ ಹನ್ನಾಬಾಯಿ ಮುಂದ ಏನಂತೀರಿ?”

“ಕಥಿ ನಿಮ್ಮ ಮನಿಯವರದೇ ಅಂತೇನಿ.” ಚೀಲ ಎತ್ತಿಕೊಳ್ಳುತ್ತ ಸೇರಿಸಿದರು, “ಎಮ್ಮಿ ಮಾತ್ರ ನಮ್ಮನಿದು.”

ಹಲಬರ್ಗಾ ಬಂತು. ಅವರು ಹೆಂಡತಿಯ ಕೈ ಹಿಡಿದು ಇಳಿದು, ಚರ್ಚಿನ ದಾರಿಯಲ್ಲಿ ನಡೆದುಹೋದರು. ನಾನೂ ಇಳಿದು, ಅವರ ಹಿಂದೆ ನಡೆಯುತ್ತ ಮನಸ್ಸಿನಲ್ಲೇ ಬೇಡಿಕೊಂಡೆ:

ಕರ್ತನೇ, ನನ್ನ ತಮ್ಮನನ್ನು ನಿನ್ನ ಸನ್ನಿಧಿಗೆ ಸೇರಿಸಿಕೊ. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್.