ಸುಂಕಲಮ್ಮ ಕೇಳಿದ ಫೋಟೋ

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಹಿಂಗಾರು ಮಳೆ. ಸಂಜೆಗೆ ಹಿಡಿದದ್ದು ಬಿಡಲೇ ಇಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ನುಚ್ಚು ಹಸನು ಮಾಡುತ್ತಿದ್ದ ಹೆಂಗಸರು ಮನೆಗೆ ಹೋಗಲಾರದೆ, ತಗಡಿನ ಕೆಳಗೆ ಗೋಣಿಚೀಲ ಹೊದ್ದು ಕೂತಿದ್ದರು. ಎಲ್ಲರಿಗಿಂತ ಹಿರಿಯಳು ಪಾರಮ್ಮ.

'ಹತ್ರ ಬರ್ರೆವ್ವಾ,' ಎಂದಳು. 'ನನ್ನ ತಮ್ಮ ಉಚ್ಚಂಗೆಪ್ಪಂದು ಹೇಳ್ತೀನಿ. ದೆವ್ವ ಅಂದ್ರ ಬಡೀತಾವು, ಹೆದರಿಸ್ತಾವು ಅಂತೀರಲ್ಲ... ಇದು ಏನೂ ಮಾಡಲಿಲ್ಲ. ಬರೀ ಕೇಳ್ತಿತ್ತು.'

ಅವಳು ಹೇಳಿದ ಕತೆ ಇದು.

ಉಚ್ಚಂಗೆಪ್ಪನಿಗೆ ಬಳ್ಳಾರಿಯ ಕೋಟೆಗುಡ್ಡದ ಕೆಳಗೆ ಫೋಟೋ ಅಂಗಡಿ ಇತ್ತು. ತೇಗದ ಪೆಟ್ಟಿಗೆ, ಹಿತ್ತಾಳೆಯ ಲೆನ್ಸು, ಮೂರು ಕಾಲಿನ ನಿಲುವು. ಸೀಮೆಗೆ ವಾಪಸು ಹೊರಟ ಯಾವನೋ ಬಿಳಿ ದೊರೆ ಬಿಟ್ಟುಹೋದ ಕ್ಯಾಮೆರಾ ಅದು. ಕರಿ ಬಟ್ಟೆ ಹೊದ್ದು ಹಿಂದಿನ ಮಸುಕು ಗಾಜಿನಲ್ಲಿ ನೋಡಿದರೆ ಎದುರಿಗೆ ಕೂತವರು ತಲೆಕೆಳಗಾಗಿ ಕಾಣುತ್ತಿದ್ದರು. ಎಂಥ ಸಾಹುಕಾರನೇ ಇರಲಿ, ಅದರೊಳಗೆ ಅವನ ಕಾಲು ಮೇಲೆ, ರುಮಾಲು ಕೆಳಗೆ! ಆಮೇಲೆ ಆ ಗಾಜಿನ ಜಾಗದಲ್ಲಿ ಮದ್ದು ಬಳಿದ ಪ್ಲೇಟು ಇಟ್ಟು, ಲೆನ್ಸಿನ ಮುಚ್ಚಳ ತೆಗೆದು, ಮೂರು ಎಣಿಸಿ ಮುಚ್ಚಿದರೆ ಮುಗಿಯಿತು.

ಯುದ್ಧದ ಕಾಲ. ಹಡಗಿನಲ್ಲಿ ಬರುವ ಪ್ಲೇಟುಗಳು ಸಿಗುವುದೇ ಕಷ್ಟವಾಗಿತ್ತು. ಕುರುಗೋಡಿನ ಒಂದು ಮದುವೆಯಲ್ಲಿ ಇದ್ದಬದ್ದ ಪ್ಲೇಟೆಲ್ಲ ಮುಗಿಸಿ ಅವನು ಗಾಡಿ ಹತ್ತುತ್ತಿದ್ದಾಗ, ಅದೇ ಊರಿನ ಕೂಲಿ ಹೆಂಗಸು ಸುಂಕಲಮ್ಮ ಜ್ವರದಲ್ಲಿ ಸುಡುತ್ತಿದ್ದ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಓಡಿಬಂದಳು.

'ಇದರದೊಂದು ಫೋಟ ಹಿಡೀರಿ ಅಪ್ಪಾ. ಮೊದಲಿನ ಎರಡೂ ಹೋದ್ವು. ಒಂದರ ಮಖಾನೂ ನೆನಪಿಲ್ಲ.'

'ಪ್ಲೇಟು ತೀರ್ಯಾವವ್ವಾ.'

ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಏನೂ ಇಲ್ಲವೆಂದರೆ ಅವಳು ನಂಬುವುದು ಹೇಗೆ? ಬಡವಳೆಂದು ಹೀಗೆ ಹೇಳುತ್ತಾನೆ ಎಂದುಕೊಂಡು ಕಾಲಿಗೆ ಬಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಅವಳನ್ನು ಬಂಡೆಯ ಮೇಲೆ ಕೂರಿಸಿ, ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು, ಎರಡು, ಮೂರು ಎಂದ. ಮಗು ಕಣ್ಣು ಮಿಟುಕಿಸದೆ ಹಿತ್ತಾಳೆಯನ್ನೇ ನೋಡುತ್ತಿತ್ತು.

'ಮೋಸ ಅಂತೀರೇನ್ರೆವ್ವಾ ಅದನ್ನ?' ಎಂದು ಪಾರಮ್ಮ ಕೇಳಿದಳು.

ಎಂಟು ದಿನಕ್ಕೆ ಸುಂಕಲಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಳ್ಳಾರಿಗೆ ನಡೆದುಕೊಂಡೇ ಬಂದಳು. 'ಫೋಟ ಆತೇನ್ರಿ?' ಅವನು ನಿಜ ಹೇಳಬೇಕೆಂದು ಬಾಯಿ ತೆರೆದ. ಬಂದ ಮಾತು ಮಾತ್ರ, 'ಬರೋ ವಾರ ಬಾರವ್ವಾ.' ಮುಂದಿನ ವಾರವೂ ಅದೇ. ಮೂರನೇ ಸಲ ಬಂದಾಗ ಅವಳ ಕಂಕುಳು ಬರಿದಾಗಿತ್ತು. 'ಮೂಗು ನೆನಪೈತ್ರಿ. ಕಣ್ಣು ಬರವಲ್ವು. ದಿನಾ ಒಂದೊಂದು ಹೊಂಟೋಗಾಕತ್ತೈತಿ... ಜಲ್ದಿ ಕೊಡ್ರಿ.' ಈಗಂತೂ ನಿಜ ಹೇಳುವ ದಾರಿಯೇ ಇರಲಿಲ್ಲ. ಹೇಳಿದರೆ ಎರಡನೇ ಸಲ ಅವಳ ಮಗುವನ್ನು ಕೊಂದಂತೆ ಎನ್ನಿಸಿತು ಅವನಿಗೆ.

ಆಮೇಲೆ ಅವಳು ಬರಲಿಲ್ಲ. ಬಳ್ಳಾರಿಯ ದಾರಿಯಲ್ಲೇ, ಮಳೆಯಲ್ಲಿ ಬಿದ್ದು ಸತ್ತಳೆಂದು ಕುರುಗೋಡಿನ ಗಾಡಿಯವನೊಬ್ಬ ಹೇಳಿಹೋದ.

ಅದರ ಮರುವಾರ ಒಬ್ಬ ಮೇಷ್ಟರು ಹೆಂಡತಿ ಮಕ್ಕಳೊಂದಿಗೆ ಫೋಟೋಕ್ಕೆ ಕೂತಿದ್ದರು. ಉಚ್ಚಂಗೆಪ್ಪ ಕರಿ ಬಟ್ಟೆ ಹೊದ್ದು ನೋಡಿದ. ನಾಲ್ವರೂ ತಲೆಕೆಳಗಾಗಿ ಕಾಣುತ್ತಿದ್ದರು. ಅವರ ನಡುವೆ ಐದನೆಯವಳೊಬ್ಬಳು... ನೆಟ್ಟಗೆ ಕೂತಿದ್ದಳು. ತಲೆ ಮೇಲೆ, ಕಾಲು ಕೆಳಗೆ. ಕೈಗಳು ಮಗುವನ್ನು ಹಿಡಿದಂತೆ ಬಾಗಿದ್ದವು. ಮಡಿಲು ಖಾಲಿ. ಅವನು ಬಟ್ಟೆ ಸರಿಸಿ ಹೊರಬಂದು ಎಣಿಸಿದ. ನಾಲ್ಕೇ ಜನ. ಮತ್ತೆ ಒಳಗೆ ತಲೆ ಹಾಕಿದರೆ ಸುಂಕಲಮ್ಮ ಅವನನ್ನೇ ನೋಡುತ್ತಿದ್ದಳು. ಕಿವಿಯ ಹತ್ತಿರವೇ ಕೇಳಿಸಿತು: 'ಫೋಟ ಆತೇನ್ರಿ?'

ಅಂದಿನಿಂದ ಯಾರೇ ಕೂರಲಿ, ಅವಳು ಬಂದು ಕೂರುತ್ತಿದ್ದಳು. ಉಚ್ಚಂಗೆಪ್ಪ ಬಟ್ಟೆಯೊಳಗೇ ಅಳುತ್ತ, 'ತಾಯಿ, ಅವತ್ತು ಪ್ಲೇಟು ಇದ್ದಿಲ್ಲ, ತಪ್ಪಾತು,' ಎಂದ. ಅವಳಿಗೆ ಕೇಳಿಸಿತೋ ಇಲ್ಲವೋ, ಮತ್ತೆ ಅದೇ ಪ್ರಶ್ನೆ. ಒಂದು ದಿನ ಖಾಲಿ ಸ್ಟೂಲಿನ ಎದುರು ನಿಜವಾದ ಪ್ಲೇಟನ್ನೇ ಇಟ್ಟು ಮೂರು ಎಣಿಸಿದ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ತೊಳೆದು ನೋಡಿದರೆ ಸ್ಟೂಲು ಮೂಡಿತ್ತು, ಗೋಡೆ ಮೂಡಿತ್ತು. ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಇನ್ನು ಎಂದೂ ಇರುವುದಿಲ್ಲ ಎಂದು ಅವನಿಗೆ ಅಂದು ಗೊತ್ತಾಯಿತು.

ಅಂಗಡಿ ಮುಚ್ಚಿ ಸಿರುಗುಪ್ಪಕ್ಕೆ ಅಕ್ಕನ ಮನೆಗೆ ಬಂದ. ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡ.

ಮಳೆ ಇಳಿದಿತ್ತು. ಯಾರೂ ಏಳಲಿಲ್ಲ.

'ಆ ಕ್ಯಾಮೆರಾ ಮನ್ಯಾಗ ಇಟ್ಕಳಾಕ ನನಗ ಧೈರ್ಯ ಆಗಲಿಲ್ಲ,' ಎಂದಳು ಪಾರಮ್ಮ. 'ಇಲ್ಲೇ ಪ್ಯಾಟ್ಯಾಗ ಹೊಸದಾಗಿ ಫೋಟ ಅಂಗಡಿ ಇಟ್ಟಾನಲ್ಲ ರಂಗಣ್ಣ, ಅವಗ ಕೊಟ್ಟೆ. ಸುಂಕಲಮ್ಮಂದು ನಾ ಏನೂ ಹೇಳಲಿಲ್ಲ.' ಆಮೇಲೆ ಹೊಸದಾಗಿ ಮದುವೆಯಾಗಿ ಬಂದಿದ್ದ ಮೂಕಮ್ಮನ ಕಡೆ ತಿರುಗಿದಳು. 'ನೀನು ಮೊನ್ನೆ ಗಂಡ, ಅತ್ತಿ ಕೂಡ ಅಲ್ಲಿ ಫೋಟ ತೆಗೆಸಿದೆಲ್ಲವ್ವಾ... ರಂಗಣ್ಣ ಬಟ್ಟಿಯೊಳಗಿಂದ ಹೊರಗ ಬಂದು ನಿಮ್ಮನ್ನ ಎಣಿಸಿದ್ನೇನು?'

ಮೂಕಮ್ಮ ಸೆರಗು ಬಿಗಿಹಿಡಿದುಕೊಂಡಳು.

'ಎರಡು ಸಲ, ಎವ್ವಾ.'