ವ್ಯಾನಿನ ಹಿಂಬಾಗಿಲು

ಆ ರಾತ್ರಿ ಕಿಡಿ ವ್ಯಾನನ್ನ ಓಣಿ ಬಾಯಲ್ಲಿರೋ ಆಲದ ಮರದ ಕೆಳಗೇ ಬಿಟ್ಟು ನಮ್ಮನೆಗೆ ನಡ್ಕೊಂಡು ಬಂದ. ಓಣೀಲಿ ದೀಪ ಇರ್ಲಿಲ್ಲ. ಅವನ ಚಪ್ಪಲಿ ಸದ್ದು ಮೊದ್ಲು ಕೇಳ್ತು. ಚರಕ್... ಚರಕ್... ನಿಂತ್ಹೋಯ್ತು. ಆಮೇಲೆ ಓಡೋ ಸದ್ದು.

ಬಾಗಿಲು ತೆಗ್ದೆ.

ಕಿಡಿ ಅಂದ್ರೆ ಪಕ್ಕದ ಮನೆ ವೆಲ್ಡರು. ಯಾವುದಕ್ಕೂ ಹೆದರೋ ಆಸಾಮಿ ಅಲ್ಲ. ಮುಖ ಸುಣ್ಣದ ಹಾಗಿತ್ತು.

"ವ್ಯಾನೆಲ್ಲೋ?"

"ಮರದ ಕೆಳಗೆ ಅಣ್ಣ."

"ಮನೆ ಮುಂದೆ ತರೋದಲ್ವಾ?"

"ರಿವರ್ಸ್ ಹಾಕೋಕೆ ಧೈರ್ಯ ಬರ್ಲಿಲ್ಲ..."

ಪಿಸುಗುಟ್ಟಿದ. ಕೇಳೋರು ಯಾರೂ ಇರ್ಲಿಲ್ಲ. ಮನೇಲಿ ನಾನೊಬ್ಬನೇ.

ವ್ಯಾನಿನ ವಿಷಯ ಮೊದ್ಲು ಹೇಳ್ಬೇಕು. ಅದು ಹಳೇದು. ಶಾಲೆ ಮಕ್ಕಳನ್ನ ತುಂಬ್ಕೊಂಡು ಓಡಾಡಿ ಸವೆದಿದ್ದು. ನಮ್ಮವಳಿಗೆ ಒಂದು ಆಸೆ ಇತ್ತು. "ಪಕ್ಕದ ಮನೆ ಕುಕ್ಕರ್ ಕೂಗದೇ ಇರೋ ಕಡೆ ಒಂದು ರಾತ್ರಿ ಮಲಗ್ಬೇಕು ರೀ" ಅಂತಿದ್ಲು. ಅದಕ್ಕೇ ಕೊಂಡಿದ್ದು.

ನಾನು ಮರದ ಡಿಪೋದಲ್ಲಿ ಇದ್ದೋನು. ಹಿಂದಿನ ಸೀಟು ಬಿಚ್ಚಿ ಹಲಗೆ ಹಾಸಿದೆ. ಇಬ್ಬರು ಮಲಗೋ ಅಷ್ಟು. ಹಲಗೆ ಕೆಳಗೆ ಡಬ್ಬ, ಸ್ಟವ್, ಹಗ್ಗ, ನಲ್ಲಿ ಇರೋ ನೀರಿನ ಕ್ಯಾನು. ಕಿಡಿ ಎಂಜಿನ್ ಕೆಳಗೆ ದಪ್ಪ ತಗಡು ಕೂರಿಸಿದ, ಕಾಡುದಾರೀಲಿ ಕಲ್ಲು ಬಡೀದಿರ್ಲಿ ಅಂತ. ಹಲ್ಲು ದಪ್ಪ ಇರೋ ಟೈರು ಹಾಕಿದ್ವಿ. ಪರದೆ ಅವಳೇ ಹೊಲಿದ್ಲು. ನಾನು ಕೆಳಗೆ ಮಲಗಿ ಬೋಲ್ಟ್ ಬಿಗಿಯುವಾಗ ಅವಳು ಟಾರ್ಚ್ ಹಿಡ್ಕೊಂಡು ಕೂತಿರೋಳು.

"ಮನೇಲೂ ಹಿಂಗೇ ಕೆಲ್ಸ ಮಾಡಿದ್ರೆ ನಾನ್ಯಾಕೆ ಕಾಡಿಗೆ ಹೋಗ್ತೀನಿ ಅಂತಿದ್ದೆ?" ಅನ್ನೋಳು.

ನಮ್ಮ ಓಣಿ ಇಕ್ಕಟ್ಟು. ತುದೀಲಿ ಗೋಡೆ. ವ್ಯಾನು ರಿವರ್ಸಲ್ಲೇ ಒಳಗೆ ಬರ್ಬೇಕು. ಬೇರೆ ಹೆಂಗಸರಾದ್ರೆ "ಬರ್ಲಿ, ಬರ್ಲಿ" ಅಂತ ಕೂಗ್ತಾರೆ. ಇವಳು ಬೀದೀಲಿ ಬಾಯಿ ಮಾಡೋಳಲ್ಲ. ಹಿಂಬಾಗಿಲ ಮೇಲೆ ಉಂಗುರದಲ್ಲಿ ಬಡಿಯೋಳು. ಟಕ್ಟಕ್ ಅಂದ್ರೆ ಬಾ. ಒಂದೇ ಟಕ್ ಅಂದ್ರೆ ನಿಲ್ಲು. ಹಿಡಿಕೆ ಪಕ್ಕ, ಅವಳ ಭುಜದ ಎತ್ತರಕ್ಕೆ, ಬಣ್ಣ ಎದ್ದು ಎದ್ದು ಚುಕ್ಕೆ ಚುಕ್ಕೆ ಆಗಿತ್ತು.

ಎಲ್ಲಾ ತಯಾರಾಯ್ತು. ಹೋಗೋ ಮೊದಲೇ ಅವಳು ಹೋದ್ಲು.

ಆಮೇಲೆ ನಾನು ವ್ಯಾನಲ್ಲೇ ಮಲಗ್ತಿದ್ದೆ. ನನ್ನ ಕಡೆ ನಾನು. ಅವಳ ಕಡೆ ಖಾಲಿ. ಕಿವಿ ಮಾತ್ರ ಹಿಂಬಾಗಿಲ ಕಡೆ. ಒಂದೇ ಒಂದು ಸಲ ಬಡೀಲಿ... ಸಾಕು ಅಂತ. ಉಂಗುರ ನನ್ನ ಅಂಗಿ ಜೇಬಲ್ಲೇ ಇತ್ತು. ಆದ್ರೂ ಕಾಯ್ತಿದ್ದೆ. ಏನೂ ಕೇಳ್ಲಿಲ್ಲ. ಮಳೆಗಾಲ ಮುಗೀತು. ಏನೂ ಇಲ್ಲ.

ಮಗಳು ಫೋನಲ್ಲಿ ಅತ್ತಳು. "ಅಪ್ಪ, ಮನೆ ಒಳಗೆ ಮಲಗಿ. ಅದನ್ನ ಯಾರಿಗಾದ್ರೂ ಕೊಟ್ಬಿಡಿ."

ಕಿಡಿ ಮಕ್ಕಳಿಗೆ ರಜ ಬಂತು. ಅವನು ಕೇಳ್ದ. ತಗೊಂಡ್ಹೋಗು ಅಂದೆ. ಪಾಪ, ಒಳ್ಳೇ ಮನಸ್ಸಿಂದ ಹಿಂಬಾಗಿಲಿನ ತುಕ್ಕು ಉಜ್ಜಿ, ಪುಟ್ಟಿ ಮೆತ್ತಿ ಗುಳಿ ಮುಚ್ಚಿ, ಹೊಸ ಬಣ್ಣ ಹೊಡೆದ. ಅವಳ ಚುಕ್ಕೆ ಎಲ್ಲಾ ಹೋಯ್ತು. ಚುಕ್ಕೆ ಇದ್ದ ಜಾಗ ಹುಡುಕಿ ಬೆರಳಾಡಿಸ್ದೆ, ನುಣ್ಣಗಿತ್ತು.

ಅವತ್ತೇ ಸಂಜೆ ಹೊರಟಿದ್ರು. ಅದೇ ರಾತ್ರಿ ವಾಪಸ್. ಹೆಂಡ್ತಿ ಮಕ್ಕಳನ್ನ ದಾರೀಲೇ ಮಾವನ ಮನೇಲಿ ಇಳಿಸಿ ಇವನೊಬ್ಬನೇ ಬಂದಿದ್ದ.

ನೀರು ಕೊಟ್ಟೆ. ಕುಡಿದು ಹೇಳ್ದ.

ಗಾಡಿ ಜಾಡು ಹಿಡಿದು ಒಂದು ಬಯಲಿಗೆ ಹೋಗಿದ್ರಂತೆ. ಮೊಣಕಾಲೆತ್ತರ ಹುಲ್ಲು. ಹೆಂಡ್ತಿ ಮಕ್ಕಳು ಹಲಗೆ ಮೇಲೆ ನಿದ್ದೆ. ವ್ಯಾನು ಅಲ್ಲಿದ್ದ ಒಂದು ಮರದ ಕೆಳಗೆ ನಿಲ್ಲಿಸೋಣ ಅಂತ ಇವನು ರಿವರ್ಸ್ ಹಾಕ್ದ. ಹಿಂದೆ ಟಕ್ಟಕ್.

"ನನ್ನ ಹೆಂಡ್ತಿ ಎದ್ದು ಇಳಿದು ಸೈಡ್ ಹೇಳ್ತಿದಾಳೆ ಅಂದ್ಕೊಂಡೆ ಅಣ್ಣ. ಬಂದೆ. ಮತ್ತೆ ಟಕ್ಟಕ್. ಬಂದೆ. ಆಮೇಲೆ ಒಂದೇ... ಟಕ್. ಯಾಕೋ ಕಾಲು ತಾನಾಗೇ ಬ್ರೇಕ್ ಒತ್ತಿತು. 'ಸಾಕೇನೇ?' ಅಂದೆ. ಅವಳು..."

"ಅವಳು?"

"ಹಲಗೆ ಮೇಲಿಂದ, ನಿದ್ದೆಗಣ್ಣಲ್ಲಿ ಅಂದ್ಲು... 'ಯಾರ್ ಹತ್ರ ಮಾತಾಡ್ತಿದೀರಾ ರೀ?'"

ಟಾರ್ಚ್ ಹಿಡಿದು ಇಳಿದ್ನಂತೆ. ಯಾರೂ ಇಲ್ಲ. ಟೈರಿನ ಹಿಂದೆ ಒಂದು ಗೇಣು ಹುಲ್ಲು. ಅದರಾಚೆ ಕಟ್ಟೆ ಇಲ್ಲದ ಹಾಳುಬಾವಿ. ಚಕ್ರ ಒತ್ತಿದ ಮಣ್ಣು ಇನ್ನೂ ಉದುರ್ತಾ ಇತ್ತು. ಕೆಳಗೆ ನೀರಲ್ಲಿ ಪುಳುಕ್... ಪುಳುಕ್...

ನಾನು ಮೇಜು ತೋರಿಸ್ದೆ. "ಹೆಂಗೆ ಬಡೀತು? ಬಡಿ."

ಬಡಿದ. ಎರಡು. ತಡೆದು, ಮತ್ತೆರಡು. ಆಮೇಲೆ ಒಂದು. ಆ ತಡೆಯೋದು ಇದೆಯಲ್ಲ... ಅದು ಅವಳದೇ. ಅವನಿಗೆ ಇದನ್ನ ನಾನು ಯಾವತ್ತೂ ಹೇಳಿರ್ಲಿಲ್ಲ.

ಟಾರ್ಚ್ ತಗೊಂಡು ಇಬ್ಬರೂ ಮರದ ಹತ್ರ ಹೋದ್ವಿ. ಹಿಂಬಾಗಿಲ ಹೊಸ ಬಣ್ಣದಲ್ಲಿ ಐದು ಚುಕ್ಕೆ. ಬೆರಳಿಟ್ಟು ನೋಡ್ದೆ. ಜೇಬು ಮುಟ್ಕೊಂಡೆ. ಉಂಗುರ ಅಲ್ಲೇ ಇತ್ತು. ಅವಳು ಹೀಗೇ ಬಡೀತಿದ್ಲು ಅಂತ ಆಗ ಅವನಿಗೆ ಹೇಳ್ದೆ.

"ಅತ್ತಿಗೆ ನನ್ನ ಮಕ್ಕಳನ್ನ ಉಳಿಸಿದ್ರು ಅಣ್ಣ" ಅಂದ ಕಿಡಿ. ಕೈ ಮುಗಿದ.

ಹೌದು ಅಂದೆ. ಒಳಗೆ ಬೇರೆ ಕುದೀತಿತ್ತು. ಇವನಿಗೆ ಬಡಿದ್ಲು. ನನಗ್ಯಾಕೆ ಇಲ್ಲ?

"ನೀನು ಮನೆಗೆ ಹೋಗು. ನಾನು ತರ್ತೀನಿ."

"ಬೆಳಿಗ್ಗೆ ತಂದ್ರಾಯ್ತು ಬಿಡಿ..."

"ಹೋಗೋ ಮಾರಾಯ."

ಹೋದ. ನಾನು ಹತ್ತಿ ಕೂತೆ. ಎಂಜಿನ್ ಗುರ್ರ್ ಅಂತು. ಕಿಟಕಿ ಎಲ್ಲಾ ಇಳಿಸ್ದೆ. ರಿವರ್ಸ್ ಹಾಕಿ ಓಣಿ ಒಳಗೆ ಬಿಟ್ಟೆ. ಕನ್ನಡಿ ನೋಡ್ಲಿಲ್ಲ. ಬೇಕು ಅಂತಲೇ ನೋಡ್ಲಿಲ್ಲ.

ಏನೂ ಇಲ್ಲ.

"ಬಡಿಯೇ" ಅಂದೆ. ಮೆಲ್ಲಗೆ ಅಂದೆ. ಆಮೇಲೆ ಜೋರಾಗಿ. "ನಾನು ಕಣೇ. ಬಡಿಯೇ... ಒಂದ್ಸಲ ಬಡಿಯೇ!" ಓಣಿಗೆಲ್ಲಾ ಕೇಳೋ ಹಾಗೆ ಕೂಗ್ತಾನೇ ಇದ್ದೆ. ಕೂಗ್ತಾ ಕೂಗ್ತಾ ಹಿಂದಕ್ಕೆ ಬಂದೆ.

ಧಡ್!

ಗೋಡೆ. ಎಂಜಿನ್ ನಿಂತ್ಹೋಯ್ತು. ಮನೆ ಮನೆ ದೀಪ ಹತ್ತಿತು. ಯಾರೋ ಬೈದ್ರು. ಕಿಡಿ ಓಡಿ ಬಂದು ನನ್ನ ಭುಜ ಹಿಡಿದು ಇಳಿಸಿ, ಒಳಗೆ ಕರ್ಕೊಂಡು ಹೋಗಿ ಮಲಗಿಸ್ದ.

ಬೆಳಿಗ್ಗೆ ಅವನೇ ಸುತ್ತಿಗೆ ತಂದ. ಬಂಪರು ನೆಟ್ಟಗೆ ಮಾಡೋಕೆ. ನಾನು ಚಹಾ ಹಿಡ್ಕೊಂಡು ನಿಂತಿದ್ದೆ. ಅವನು ಬಗ್ಗಲಿಲ್ಲ. ಬಾಗಿಲನ್ನೇ ನೋಡ್ತಾ ನಿಂತ.

"ಅಣ್ಣ... ಐದೇ ಅಲ್ವಾ ಇದ್ದಿದ್ದು?"

ಆರು ಇತ್ತು.

ಗೋಡೆ ತಾಗಿದ್ದು ಕೆಳಗೆ ಬಂಪರಿಗೆ. ಇದು ಮೇಲೆ, ಹಿಡಿಕೆ ಪಕ್ಕ. ಐದರಿಂದ ಸ್ವಲ್ಪ ದೂರ. ಒಂದೇ ಒಂದು. ಉಳಿದವುಕ್ಕಿಂತ ಆಳ, ಜೋರಾಗಿ ಬಡಿದ ಹಾಗೆ. ಬಣ್ಣದ ಪುಡಿ ಇನ್ನೂ ಅಂಚಲ್ಲಿ ಅಂಟ್ಕೊಂಡಿತ್ತು.

ಆ ಒಂದು ಟಕ್ ನನ್ನ ಕೂಗಲ್ಲೇ ಮುಳುಗಿತ್ತು. ಈಗ ರಿವರ್ಸ್ ಹಾಕುವಾಗ ನಾನು ತುಟಿ ಬಿಚ್ಚಲ್ಲ.

ನಡೆದದ್ದನ್ನ ನಡೆದ ಹಾಗೇ ಬರೆದಿದ್ದೀನಿ. ವ್ಯಾನು ಮನೆ ಮುಂದೇ ನಿಂತಿದೆ. ಬಂದು ಬೆರಳಿಟ್ಟು ನೋಡಿ.